ಮೆಲ್ಲಗೆ ಹೋಗಲಾರದ ಕಾರು

ಒಂದಾನೊಂದು ಕಾಲದಲ್ಲಿ, ಬೆಟ್ಟಗಳು ಲಾರಿ ಹತ್ತಿ ಸಮುದ್ರಕ್ಕೆ ಹೊರಟಿದ್ದ ಕಾಲದಲ್ಲಿ, ಬಿಳಿ ಬಣ್ಣವನ್ನೇ ಮರೆತ ಒಂದು ಊರಿತ್ತು. ಅಲ್ಲಿ ಕೊಕ್ಕರೆಗಳು ಕೆಂಪಗಿದ್ದವು, ತಂತಿಯ ಮೇಲಿನ ಪಂಚೆಗಳು ಕೆಂಪಗಿದ್ದವು, ಮದುವೆಮನೆಯ ಹೋಳಿಗೆಯ ಮೇಲೂ ತೆಳ್ಳಗೆ ಕೆಂಪು ಕೂತಿರುತ್ತಿತ್ತು. ಆ ಊರಿನ ಅಂಚಿನಲ್ಲಿ ಒಬ್ಬ ಹೆಣ್ಣುಮಗಳು ಒಂಬತ್ತು ವರ್ಷದಿಂದ ಬೆಟ್ಟವನ್ನು ಜರಡಿ ಹಿಡಿಯುತ್ತಿದ್ದಳು. ಹಿಡಿಯುತ್ತ ಹಿಡಿಯುತ್ತ ಒಂದು ದಿನ ಬೆಟ್ಟ ಅವಳ ಎದೆಯೊಳಗೇ ಹೋಗಿ ಕೂತುಬಿಟ್ಟಿತು.

ಅಜ್ಜಿಯಾಗಿದ್ದರೆ ಇದನ್ನು ಹೀಗೇ ಮುಂದುವರಿಸುತ್ತಿದ್ದಳು. ನನಗೆ ಅಷ್ಟು ದೂರ ದಮ್ಮು ಸಾಲದು, ಊರ ಹೆಸರು ಹೇಳಿಬಿಡುತ್ತೇನೆ. ಹೊಸಪೇಟೆ. ವರ್ಷ ಎರಡು ಸಾವಿರದ ಆರು. ಹೆಣ್ಣುಮಗಳು ಶಾಂತಕ್ಕ. ನಮ್ಮ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಇದ್ದಳು, ಬೈಪಾಸಿನ ಅದಿರಿನ ಯಾರ್ಡಿಗೆ ದಿನಗೂಲಿಗೆ ಹೋಗುತ್ತಿದ್ದಳು. ಬೆಳಗಿನ ಜಾವ ಅವಳು ಕೆಮ್ಮಿದರೆ ನಮ್ಮ ಅಡುಗೆಮನೆಯ ಡಬ್ಬಿಗಳು ಝಣ್ ಅನ್ನುತ್ತಿದ್ದವು. ಡಾಕ್ಟರು ಔಷಧಿ ಬರೆದುಕೊಟ್ಟು, ಔಷಧಿಗಿಂತ ಮೊದಲು ಆ ಧೂಳು ಬಿಡಬೇಕು ಎಂದಿದ್ದರು. ಬಿಟ್ಟು ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದುಕೊಟ್ಟಿರಲಿಲ್ಲ.

ಅಪ್ಪ ಅಮ್ಮ ಆಲಮಟ್ಟಿಯಲ್ಲಿದ್ದರು, ಅಪ್ಪನಿಗೆ ಅಲ್ಲಿಗೆ ಬದಲಿಯಾಗಿತ್ತು. ಹೊಸಪೇಟೆಯ ಮನೆಯಲ್ಲಿ ನಾನು, ನನ್ನ ಅಜ್ಜಿ ರಾಧಾಬಾಯಿ. ನಾನು ಶ್ರೀವಾಣಿ, ಕಾನ್ವೆಂಟಿನಲ್ಲಿ ಮೂರನೇ ಇಯತ್ತೆಯ ಟೀಚರು. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದಾಗ ಅಪ್ಪ ಆಫೀಸಿನ ಜೀಪು ಕಲಿಸಿದ್ದರಿಂದ ಲೈಸೆನ್ಸ್ ಇತ್ತು. ಕಾರು ಇರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಕಂಪ್ಲಿಯ ಕೊಟ್ರಬಸಮ್ಮನವರು ಬಂದರು. ಅವರದು ರೈಸ್ ಮಿಲ್ಲು. ಯಜಮಾನರು ಹೋದ ಮೇಲೆ ಮಿಲ್ಲನ್ನೂ ಗದ್ದೆಗಳನ್ನೂ ತಾವೇ ನೋಡಿಕೊಳ್ಳುವವರು. ನಮ್ಮ ಮನೆಯ ಅಕ್ಕಿ ಮೂವತ್ತು ವರ್ಷದಿಂದ ಅಲ್ಲಿಂದಲೇ ಬರುತ್ತಿತ್ತು. ಆವತ್ತು ಅಕ್ಕಿಯ ಮೂಟೆಯ ಜೊತೆಗೆ ಬಸ್ಸಿನಲ್ಲಿ ಬಂದಿದ್ದರು.

"ಕಾರು ಇಟ್ಕೊಂಡು ಬಸ್ಸಿಗೆ ಯಾಕ ಬಂದ್ರಿ?" ಅಂದಳು ಅಜ್ಜಿ.

"ಕಾರು ಐತ್ರಿ ರಾಧಾಬಾಯಿಯಾರ, ಡ್ರೈವರ್ ಎಲ್ಲಿ ಅದಾನ? ಮೂರನೇದವನೂ ಮೊನ್ನಿ ಟಿಪ್ಪರ್ ಹತ್ತಿದ. ಮೈನ್ಸಿನಾಗ ದುಪ್ಪಟ್ಟು ಪಗಾರ ಅಂತ. ಕಂಪ್ಲ್ಯಾಗ ಈಗ ಸ್ಟೇರಿಂಗ್ ಹಿಡಿಯೋ ಒಂದು ಗಂಡಸು ಉಳಿದಿಲ್ಲ ನೋಡ್ರಿ. ಹೆಣ್ಮಗಳಾದ್ರೂ ಅಡ್ಡಿ ಇಲ್ಲ ಅನ್ನೋ ಹಂಗಾಗೇತಿ ನನಗ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಶಾಂತಕ್ಕ ಕೆಮ್ಮು ನುಂಗಿಕೊಂಡು, "ನಾ ಕಲೀತೀನ್ರಿ ಅವ್ವಾರ," ಅಂದಳು.

ಕೊಟ್ರಬಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಯಾರು ಕಲಿಸ್ತಾರ?"

"ನಾ ಕಲಿಸ್ತೀನಿ," ಅಂದೆ. ಅನ್ನುವಾಗ ನನ್ನ ಕಣ್ಣ ಮುಂದೆ ಗದ್ದೆಗಳ ನಡುವೆ ಹೋಗುವ ಒಂದು ಕಾರು ಇತ್ತು, ಅದರಲ್ಲಿ ಕೆಮ್ಮದ ಶಾಂತಕ್ಕ ಇದ್ದಳು. ಉಳಿದದ್ದೇನೂ ಇರಲಿಲ್ಲ.

"ಹಂಗಾರ ಕೇಳು. ಮಿಲ್ಲಿನ ಹಿಂದ ಕ್ವಾರ್ಟರ್ಸ್ ಕೊಡ್ತೀನಿ, ಪಗಾರ ಕೊಡ್ತೀನಿ. ದೀಪಾವಳಿ ಆದ ಮ್ಯಾಲ ಕೊಯ್ಲು, ದಿನಾ ಓಡಾಟ. ಅಲ್ಲೀತನ ಕಾಯ್ತೀನಿ. ಅಷ್ಟರಾಗ ಲೈಸೆನ್ಸ್ ಬರಲಿಲ್ಲಂದ್ರ ನನ್ನ ತಂಗಿ ಮಗ ಹಾವೇರಿಂದ ಬರ್ತಾನ. ಆಮ್ಯಾಲ ನನ್ನ ಕಡಿ ನೋಡಬ್ಯಾಡ."

"ದೀಪಾವಳಿಯೊಳಗ ಲೈಸೆನ್ಸ್ ಶಾಂತಕ್ಕನ ಕೈಯೊಳಗ ಇಡ್ತೀನಿ, ನನ್ನ ಮಾತು," ಅಂದೆ.

ಅವರು ಹೋದ ಮೇಲೆ ಅಜ್ಜಿ ಕೇಳಿದಳು: "ಕಾರು ಎಲ್ಲದವ್ವಾ? ಕಥಿಯೊಳಗಿನಂಗ ರಥ ಮಾಡ್ಲಿಕ್ಕೆ ಕುಂಬಳಕಾಯಿ ಕೊಯ್ಕೊಂಡು ಬರ್ಲೇನು?"

ಮೂರು ವರ್ಷದ ಪಗಾರ ಬ್ಯಾಂಕಿನಲ್ಲಿತ್ತು. ಶಾಂತಕ್ಕನ ನಂತರ ಇನ್ನೊಬ್ಬಳಿಗೆ, ಮತ್ತೊಬ್ಬಳಿಗೆ ಕಲಿಸುತ್ತ ಹೋಗುತ್ತೇನೆ, ಹೆಣ್ಣುಮಕ್ಕಳದೇ ಡ್ರೈವಿಂಗ್ ಕ್ಲಾಸು ತೆಗೆಯುತ್ತೇನೆ ಎಂದು ಕನಸು ಕಟ್ಟಿಕೊಂಡು ಒಂದು ಭಾನುವಾರ ಕಾರು ನೋಡಲು ಹೊರಟೆ.

ನಮ್ಮ ಕಡೆ ಹಳೇ ಕಾರು ಕೊಳ್ಳುವುದಕ್ಕೆ ಒಂದು ಪದ್ಧತಿ ಇದೆ. ಬಣ್ಣ ನೋಡುವಂತಿಲ್ಲ, ಎಲ್ಲವೂ ಕೆಂಪೇ. ಉಗುರಿನಿಂದ ಬಾಗಿಲ ಒಳ ಅಂಚನ್ನು ಕೆರೆದು ನಿಜದ ಬಣ್ಣ ತಿಳಿಯಬೇಕು. ಆಮೇಲೆ ಬಾನೆಟ್ ಎತ್ತಿ ಏರ್ ಫಿಲ್ಟರ್ ನೋಡಬೇಕು. ಕಾರು ಉಸಿರಾಡುವ ಗಾಳಿ ಸೋಸುವುದು ಅಲ್ಲಿ. ಅದು ಕೆಂಪಾಗಿದ್ದರೆ ಎಂಜಿನ್ನು ಅದಿರು ತಿಂದಿದೆ, ಬಿಟ್ಟುಬಿಡು. ಸ್ವಚ್ಛ ಇದ್ದರೆ ತಗೋ. ಚಿಕ್ಕ ಹುಡುಗರಿಗೂ ಗೊತ್ತಿರುವ ಮಾತು ಇದು.

ಸಂಡೂರು ರಸ್ತೆಯ ಬದಿಯ ಯಾರ್ಡಿನಲ್ಲಿ ಒಂದು ಎಸ್ಟೀಮ್ ಕಾರು ನಿಂತಿತ್ತು. ಸಂಡೂರಿನ ಮೈನ್ಸ್ ಕಾಂಟ್ರ್ಯಾಕ್ಟರ್ ಬಸವಕುಮಾರ್ ಎಂಬವರದು. ಕೈಯಲ್ಲಿ ನಾಲ್ಕು ಉಂಗುರ, ಎರಡು ಮೊಬೈಲು. ಬಾನೆಟ್ ಎತ್ತಿದರು. ಫಿಲ್ಟರ್ ದೊಡ್ಡದು, ಶಂಖದ ಆಕಾರದ್ದು, ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಒಂದು ಕಣ ಕೆಂಪಿಲ್ಲ. ನನ್ನ ಎದೆ ತುಂಬಿಬಂತು.

"ಓಡಿಸಿ ನೋಡ್ರಿ ಮೇಡಂ. ಓಡಾಕಂತ ಮಾಡಿಸಿದ ಗಾಡಿ ಇದು," ಅಂದರು ಬಸವಕುಮಾರ್. ಲಾರಿಗಳ ಗದ್ದಲಕ್ಕೆ ಗಂಟಲು ಹರಿಯುವ ಹಾಗೆ ಕೂಗಬೇಕಿತ್ತು. ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ಅದಿರಿನ ಲಾರಿಗಳು. ಅವರ ಆಳು ಕಾರನ್ನು ಚಾಲೂ ಮಾಡಿ ಹೈವೇಗೆ ತಂದುಕೊಟ್ಟ, ನಾನು ತೋರಣಗಲ್ಲಿನ ಕಡೆಗೆ ಬಿಟ್ಟೆ. ಏನು ಹೇಳಲಿ! ಕಾರು ರಸ್ತೆಯ ಮೇಲೆ ಇತ್ತೋ ಮೇಲೆ ಎದ್ದಿತ್ತೋ ತಿಳಿಯಲಿಲ್ಲ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರನಿಗೆ ಮಾತ್ರ ಸಿಗುವ ಕುದುರೆ ನನಗೆ ಸಿಕ್ಕಿದೆ ಅನ್ನಿಸಿತು. ಸುತ್ತ ಭೋರೆನ್ನುವ ಸಪ್ಪಳ ಲಾರಿಗಳದ್ದೇ ಎಂದುಕೊಂಡೆ. ಸಾಧಾರಣ ಕಾರಿಗಿಂತ ಕಡಿಮೆ ಬೆಲೆ ಯಾಕೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಕಾಗದ ಪತ್ರ ಮುಗಿಸಿ ಗುರುವಾರ ಸಂಜೆ ನಮ್ಮ ಓಣಿಗೆ ತಿರುಗಿಸಿದೆ. ಲಾರಿಗಳು ಹಿಂದೆ ಉಳಿದವು. ಸಪ್ಪಳ ಉಳಿಯಲಿಲ್ಲ, ನನ್ನ ಜೊತೆಗೇ ಬಂತು.

ಓಣಿಯ ನಾಯಿಗಳು ಎದ್ದು ಓಡಿದವು. ಮಠದ ಕಟ್ಟೆಯ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು. ಎದುರುಮನೆ ಮುದುಕಮ್ಮ ಸೆರಗು ಬಾಯಿಗಿಟ್ಟುಕೊಂಡು, "ಯವ್ವಾ, ಡ್ಯಾಮ್ ಒಡೀತೇನು?" ಎಂದು ಹೊರಗೆ ಬಂದಳು. ಮನೆಯ ಮುಂದೆ ಮೆಲ್ಲಗೆ ನಿಲ್ಲಿಸೋಣವೆಂದು ಕಾಲು ಎತ್ತಿದರೆ, ಕಾರು ಎರಡು ಸಲ ಕುಪ್ಪಳಿಸಿ ಸತ್ತುಬಿಟ್ಟಿತು.

ಅಜ್ಜಿ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ನಾ ಕುಂಬಳಕಾಯಿ ಅಂದಿದ್ದೆ. ನೀ ರಾಕ್ಷಸನ್ನ ಕರ್ಕೊಂಡು ಬಂದೀ."

ಮರುದಿನ ಮೆಕ್ಯಾನಿಕ್ ಮರಿಸ್ವಾಮಿಯವರಿಗೆ ತೋರಿಸಿದೆ. ರೈಲ್ವೆ ಗೇಟಿನ ಹತ್ತಿರ ಅವರ ಗ್ಯಾರೇಜು. ಬಾನೆಟ್ ಎತ್ತಿ, ಒಂದೊಂದು ಭಾಗವನ್ನೂ ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಮಗುವಿನ ಜಾತಕ ಹೇಳುವವರ ಹಾಗೆ ಶುರುಮಾಡಿದರು.

"ರೇಸಿಗೆ ಮಾಡಿಸ್ಯಾರ್ರಿ ಇದನ್ನ. ಒಳಗಿಂದೆಲ್ಲಾ ಬ್ಯಾರೆ. ಎಂಜಿನ್ನಿನ ಹಿಂದ ಒಂದು ಭಾರದ ಚಕ್ರ ಇರತೈತಿ, ಅದನ್ನ ಕೆತ್ತಿ ಹಗುರ ಮಾಡ್ಯಾರ. ಹಗುರಾದ್ರ ಜಲ್ದಿ ಏರತೈತಿ, ಅಷ್ಟ ಜಲ್ದಿ ಸಾಯತೈತಿ. ಕೆಳಗ ಶಕ್ತಿನ ಇಲ್ಲ, ಮ್ಯಾಲ ಏರಿಸಿದ್ರ ಹುಲಿ. ಸೈಲೆನ್ಸರ್ ಅಂತೂ ಹೆಸರಿಗಷ್ಟ. ಮತ್ತ ಕ್ಲಚ್ಚು… ಒತ್ತಿ ನೋಡಿದ್ರೇನು? ಕಬಡ್ಡಿ ಆಡಿ ಕಾಲು ಗಟ್ಟಿ ಮಾಡ್ಕೊಂಡವ್ರಿಗೆ ಅದು."

"ಆದ್ರ ಫಿಲ್ಟರ್ ಸ್ವಚ್ಛ ಇತ್ತಲ್ರಿ!"

"ಅದಾ ನೋಡ್ರಿ ರೇಸಿನ ಫಿಲ್ಟರು. ಅದನ್ನ ನೋಡಿದವ್ರು ಯಾರೂ ತಗೊಳ್ಳಿಲ್ಲ. ನೀವು ಅದನ್ನ ನೋಡಿ ತಗೊಂಡೀರಿ." ಅವರು ನಗಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. "ಮೊದಲಿನಂಗ ಮಾಡಿಕೊಡಬಹುದು. ಇನ್ನೊಂದು ಕಾರಿನ ದುಡ್ಡು ಬೇಕು."

ಇನ್ನೊಂದು ಕಾರಿನ ದುಡ್ಡು ನನ್ನ ಹತ್ತಿರ ಇರಲಿಲ್ಲ. ಇದೇ ಕಾರು, ಇದೇ ಶಾಂತಕ್ಕ, ಕ್ಯಾಲೆಂಡರಿನಲ್ಲಿ ದೀಪಾವಳಿ.

ಎಲ್ ಬೋರ್ಡು ಕಟ್ಟಿ ಹಂಪಿಯ ಕಡೆ ಹೋದೆವು. ಕಮಲಾಪುರ ದಾಟಿ, ಬೆಳಿಗ್ಗೆ ಆರಕ್ಕೆ, ಬಾಳೆತೋಟಗಳ ನಡುವಿನ ಖಾಲಿ ರಸ್ತೆ. ಯಾರ್ಡಿನ ಕೆಲಸ ಎಂಟಕ್ಕೆ, ಅಲ್ಲಿಯವರೆಗೆ ಪಾಠ. ಮೊದಲ ದಿನ ಕಾರು ಹತ್ತೊಂಬತ್ತು ಸಲ ನಿಂತಿತು. ಹತ್ತೊಂಬತ್ತನೆಯ ಸಲ ಶಾಂತಕ್ಕ ಸ್ಟೇರಿಂಗಿಗೆ ಕೈ ಮುಗಿದಳು.

"ಮೆಲ್ಲಗ, ಶಾಂತಕ್ಕಾ. ಆ್ಯಕ್ಸಿಲೇಟರ್ ಮೆಲ್ಲಗ ಒತ್ತು. ಕ್ಲಚ್ಚು ಮೆಲ್ಲಗ ಬಿಡು," ಅನ್ನುತ್ತಿದ್ದೆ. ಜೀಪಿನಲ್ಲಿ ಅಪ್ಪ ನನಗೆ ಹೇಳಿಕೊಟ್ಟದ್ದು ಅದನ್ನೇ.

"ಮೆಲ್ಲಗನ ಬಿಡಾಕತ್ತೀನ್ರಿ ವಾಣವ್ವಾ. ಅದು ಸಾಯಾಕಂತನ ಹುಟ್ಟೇತಿ."

ಆರು ವಾರಕ್ಕೆ ಸಪಾಟು ರಸ್ತೆಯಲ್ಲಿ ಹೋಗುವುದು ಬಂತು, ಎಂಟರ ಆಕಾರದಲ್ಲಿ ತಿರುಗಿಸುವುದು ಬಂತು. ಏರಿನಲ್ಲಿ ನಿಲ್ಲಿಸಿ ಹೊರಡುವುದು ಮಾತ್ರ ಬರಲಿಲ್ಲ. ಒಮ್ಮೆ ಹೇಮಕೂಟದ ಹತ್ತಿರದ ಸಣ್ಣ ಏರಿನಲ್ಲಿ ಪ್ರಯತ್ನಿಸುತ್ತಿದ್ದಾಗ ಕಾವಲಿನವರು ಕೋಲು ಹಿಡಿದು ಓಡಿಬಂದರು. "ಐನೂರು ವರ್ಷದ ಕಲ್ಲು ಅದಾವ್ರಿ ಇಲ್ಲಿ! ನಿಮ್ಮ ಸಪ್ಪಳಕ್ಕ ಬಿದ್ರ ಯಾರು ಕಟ್ತೀರಿ, ನೀವು ಕಟ್ತೀರೇನು?"

ಮೊದಲನೇ ಟೆಸ್ಟು ದಸರೆ ಮುಗಿದ ವಾರ. ಆರ್‌ಟಿಓ ಮೈದಾನದ ಕೊನೆಗೆ ಮಣ್ಣಿನ ಏರು. ಇನ್‌ಸ್ಪೆಕ್ಟರ್ ಸಾಹೇಬರ ರೂಢಿ ಏನೆಂದರೆ, ಏರಿನ ಮಧ್ಯ ಕಾರು ನಿಲ್ಲಿಸಿ ಹಿಂದಿನ ಗಾಲಿಯ ಹಿಂಬದಿಗೆ ಒತ್ತಿ ಒಂದು ಬೆಂಕಿಪೊಟ್ಟಣ ಇಡಿಸುತ್ತಿದ್ದರು. ಹೊರಡುವಾಗ ಪೊಟ್ಟಣ ಅಪ್ಪಚ್ಚಿಯಾದರೆ ಫೇಲು. ಶಾಂತಕ್ಕ ಎಂಟು ಚಂದಾಗಿ ಹಾಕಿದಳು. ಏರಿನಲ್ಲಿ ಕಾರು ನಿಂತಿತು, ಹೊರಟಿತು, ಸತ್ತಿತು, ಹಿಂದಕ್ಕೆ ಜಾರಿತು. ಪೊಟ್ಟಣ ಅಪ್ಪಚ್ಚಿ.

"ಏರೋಪ್ಲೇನ್ ಬಿದ್ದೇತಲೇ!" ಎಂದು ಗೋಡೆಯ ಮೇಲೆ ಕೂತವರು ಸಿಳ್ಳೆ ಹಾಕಿ ಕೂಗಿದರು.

ಸಾಹೇಬರು ಹತ್ತೊಂಬತ್ತನೇ ತಾರೀಖು ಕೊಟ್ಟರು. ದೀಪಾವಳಿಗೆ ಎರಡು ದಿನ ಮೊದಲು. ಅದೂ ತಪ್ಪಿದರೆ ಮುಗಿಯಿತು.

ಆ ಸಂಜೆ ಶಾಂತಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೆಮ್ಮಿದಳು. ಅಜ್ಜಿ ಬೆನ್ನು ತಿಕ್ಕುತ್ತ, "ಕಥಿಯೊಳಗ ರಾಕ್ಷಸಗ ಒಂದು ಗುಟ್ಟು ಇರ್ತದ. ಇದಕ್ಕ ಏನದನೋ ಏನೋ," ಅಂದಳು.

"ಕಥ್ಯಾಗ ಹೆಣ್ಮಕ್ಕಳು ಅರಮನ್ಯಾಗ ಇರ್ತಾರ್ರಿ ಅಜ್ಜಿಯಾರ. ಯಾರ್ಡಿನಾಗ ಅಲ್ಲ."

ನನಗೆ ಉಳಿದದ್ದು ಒಂದೇ ದಾರಿ ಅನ್ನಿಸಿತು. ಸಂಡೂರಿಗೆ ಹೋಗಿ, ನಾಚಿಕೆ ಬಿಟ್ಟು, ಬಸವಕುಮಾರ್ ಅವರನ್ನು ಕೇಳುವುದು: ಟೆಸ್ಟಿನ ದಿನ ಒಂದು ತಾಸಿನ ಮಟ್ಟಿಗೆ ಯಾವುದಾದರೂ ಸಾಧಾರಣ ಕಾರು ಕೊಡಿ. ಹದಿನೈದನೇ ತಾರೀಖು, ಭಾನುವಾರ ಬೆಳಿಗ್ಗೆ, ಇಬ್ಬರೂ ಹೊರಟೆವು. ನಾನೇ ಓಡಿಸುತ್ತಿದ್ದೆ.

ಘಾಟಿಯಲ್ಲಿ ಸಿಕ್ಕಿಬಿದ್ದೆವು. ಮೇಲೆಲ್ಲೋ ಒಂದು ಲಾರಿಯ ಆಕ್ಸಲ್ ಮುರಿದಿತ್ತಂತೆ. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ. ಸಾಲು ಹತ್ತು ಅಡಿ ಏರುವುದು, ನಿಲ್ಲುವುದು. ಹತ್ತು ಅಡಿ ಏರುವುದು, ನಿಲ್ಲುವುದು. ಪ್ರತಿ ಸಲವೂ ಏರಿನಲ್ಲಿ ಹೊರಡಬೇಕು. ಮುಕ್ಕಾಲು ತಾಸಿಗೆ ನನ್ನ ಎಡಗಾಲು ಮರಗಟ್ಟಿತು. ಕಾರು ನನ್ನ ಕೈಯಲ್ಲೂ ನಿಂತಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ ಮೇಲೆ ಹೊಡೆದ. ನನ್ನ ಕಣ್ಣು ತುಂಬಿದವು.

"ಇಳೀರಿ. ಈ ಕಡಿ ಬರ್ರಿ," ಅಂದಳು ಶಾಂತಕ್ಕ.

"ಇಲ್ಲಿ ಬ್ಯಾಡ ಶಾಂತಕ್ಕಾ, ಹಿಂದ ಜಾರಿದ್ರ…"

"ನಿಮ್ಮ ಕಾಲು ನಡಗಾಕತ್ತಾವು. ನಾ ಒಂಬತ್ತು ವರ್ಷ ಬುಟ್ಟಿ ಹೊತ್ತೀನಿ, ನನ್ನ ಕಾಲು ನಡಗಂಗಿಲ್ಲ. ಸರೀರಿ ಈ ಕಡಿ."

ಸರಿದೆ. ಅವಳು ಕೂತಳು, ಹ್ಯಾಂಡ್‌ಬ್ರೇಕ್ ಜಗ್ಗಿದ್ದನ್ನು ಹಾಗೇ ಇಟ್ಟಳು. ಎಂಜಿನ್ ಚಾಲೂ ಮಾಡಿ, ಮುಂದಿನ ಲಾರಿಯ ಬೆನ್ನನ್ನೇ ನೋಡುತ್ತ ಕಿವಿಗೊಟ್ಟಳು. ಆ ಲಾರಿ ಹೊರಡುವ ಮುಂಚೆ ನಿಂತಲ್ಲೇ ಒಮ್ಮೆ ದೊಡ್ಡದಾಗಿ ಗುಡುಗಿತು. ಅದನ್ನು ಕೇಳಿದ ಶಾಂತಕ್ಕ, ನಾನು ಎರಡು ತಿಂಗಳು ಬಡಿದುಕೊಂಡಿದ್ದ ಮೆಲ್ಲಗೆ ಎಂಬ ಮಾತನ್ನೆಲ್ಲ ಬದಿಗಿಟ್ಟು, ಬಲಗಾಲನ್ನು ಒತ್ತಿದಳು. ಒತ್ತುತ್ತಲೇ ಹೋದಳು. ಕಾರು ಕೂಗಿತು. ಬಂಡೆಗಳಿಗೆ ಬಡಿದು ಕೂಗು ಮರಳಿ ಬಂತು. ಆ ಕೂಗು ತುಟ್ಟತುದಿಗೆ ಏರಿದಾಗ ಕ್ಲಚ್ಚು ಬಿಡುತ್ತ ಹ್ಯಾಂಡ್‌ಬ್ರೇಕ್ ಇಳಿಸಿದಳು.

ಒಂದು ಬೆರಳಿನಷ್ಟೂ ಹಿಂದೆ ಸರಿಯಲಿಲ್ಲ. ಹತ್ತು ಅಡಿ ಮುಂದೆ ಹೋಗಿ ನಿಂತೆವು.

ನಾನು ಬಾಯಿ ತೆರೆದು ನೋಡುತ್ತಿದ್ದೆ. "ಇದು ಹೆಂಗ ಬಂತು?"

"ಲಾರಿ ಹೆಂಗ ಏರ್ತಾವಂತ ದಿನಾ ಕೇಳ್ತೀನಲ್ಲ ಯಾರ್ಡಿನಾಗ. ತುಂಬಿದ ಲಾರಿ ಮೆಲ್ಲಗ ಎಲ್ಲಿ ಹೊಂಡ್ತೈತ್ರಿ?"

"ಹಂಗಾರ ಇಷ್ಟು ದಿನ ಯಾಕ ಮಾಡ್ಲಿಲ್ಲ?"

ಮುಂದಿನ ಲಾರಿ ಮತ್ತೆ ಗುಡುಗಿತು, ಶಾಂತಕ್ಕ ಮತ್ತೆ ಹತ್ತು ಅಡಿ ಏರಿಸಿದಳು. ಆಮೇಲೆ ಹೇಳಿದಳು.

"ಓಣ್ಯಾಗ, ಹಂಪ್ಯಾಗ, ಆ ಮೈದಾನದಾಗ, ಅಷ್ಟು ಸಪ್ಪಳಾ ಮಾಡಾಕ ನಾಚಿಕಿ ಬರ್ತಿತ್ರಿ. ಎಲ್ಲಾರೂ ಹೊಳ್ಳಿ ನೋಡ್ತಾರ. ಸಾಹುಕಾರ್ರು ಸಪ್ಪಳಾ ಮಾಡಿದ್ರ ಶೋಕಿ ಅಂತಾರ, ನಾ ಮಾಡಿದ್ರ ಸೊಕ್ಕು ಅಂತಾರ. ಜರಾ ಕೂಗಿತಂದ್ರ ಕಾಲು ತಾನಾಗೇ ಹಿಂದ ಬರ್ತಿತ್ತು. ಇಲ್ಲಿ ಲಾರಿ ನಡುವ ಯಾರಿಗೆ ಕೇಳ್ತೈತಿ? ಒತ್ತಿಬಿಟ್ಟೆ."

ಎರಡು ತಿಂಗಳು ಪಕ್ಕದಲ್ಲೇ ಕೂತಿದ್ದರೂ ನನಗೆ ಇದು ಕಂಡಿರಲಿಲ್ಲ. ಅವಳ ಕಾಲಿಗೆ ಬಲ ಸಾಲದು ಎಂದುಕೊಂಡಿದ್ದೆ.

ಮೂರು ತಾಸು ಆ ಘಾಟಿಯಲ್ಲಿದ್ದೆವು. ನಾನು ಎಣಿಸುತ್ತ ಹೋದೆ, ತೊಂಬತ್ತಾರಕ್ಕೆ ಲೆಕ್ಕ ತಪ್ಪಿತು. ಕೊನೆಕೊನೆಗೆ ಹಿಂದಿನ ಲಾರಿಯ ಡ್ರೈವರು ತಲೆ ಹೊರಗೆ ಹಾಕಿ, "ಮಸ್ತ್ ಅಕ್ಕಾ! ಯಾವ ಮೈನ್ಸಿನಾಗ ಓಡಿಸ್ತೀ?" ಎಂದು ಕೂಗಿದ. ಶಾಂತಕ್ಕ ಕನ್ನಡಿಯಲ್ಲಿ ಅವನನ್ನು ನೋಡಿ, "ಕಂಪ್ಲಿ ಗದ್ದ್ಯಾಗ ಓಡಿಸ್ತೀನಲೇ!" ಅಂದಳು.

ಸಂಡೂರಿನಲ್ಲಿ ಬಸವಕುಮಾರ್ ನಮ್ಮನ್ನು ಕುರ್ಚಿ ಹಾಕಿ ಕೂರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಮುಜುಗರವಾಯಿತು, ಉಂಗುರ ತಿರುಗಿಸುತ್ತ ಕೂತರು. "ಕಲಿಯೋರಿಗೆ ಅಂತ ಗೊತ್ತಿದ್ರ ಕೊಡ್ತಿರಲಿಲ್ಲ ಮೇಡಂ, ದೇವ್ರಾಣೆ. ಅಕಾ ಅಲ್ಲಿ ಮನ್ಯಾಗಿನ ಮಾರುತಿ ನಿಂತೈತಿ, ಟೆಸ್ಟಿಗೆ ಒಯ್ರಿ. ಬೆಣ್ಣಿ ಹಂಗ ಹೋಗತೈತಿ."

ನಾನು ಬಾಯಿ ತೆರೆಯುವ ಮೊದಲೇ ಶಾಂತಕ್ಕ ಅಂದಳು: "ಬ್ಯಾಡ್ರಿ. ಚಾ ಕುಡಿಸ್ರಿ ಸಾಕು."

ಹತ್ತೊಂಬತ್ತು, ಗುರುವಾರ. ಆರ್‌ಟಿಓ ಮೈದಾನ ಘಾಟಿಯಲ್ಲ. ಅಲ್ಲಿ ಲಾರಿಗಳಿಲ್ಲ, ಬೇವಿನ ಮರವಿದೆ, ಮರದ ಮೇಲೆ ಗುಬ್ಬಿಗಳ ದನಿ ಕೂಡ ಕೇಳುತ್ತದೆ. ಗೋಡೆಯ ಮೇಲೆ ಹೋದ ಸಲದವರೇ ಕೂತಿದ್ದರು. "ಏರೋಪ್ಲೇನ್ ಬಂತು, ಜಾಗಾ ಬಿಡ್ರಲೇ."

ನನ್ನನ್ನು ದೂರ ನಿಲ್ಲಿಸಿದರು. ಅಜ್ಜಿಯೂ ಆಟೋ ಮಾಡಿಕೊಂಡು ಬಂದಿದ್ದಳು, ಮರದ ಕೆಳಗೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಎಂಟು ಹಾಕಿದ್ದಾಯಿತು. ಹಿಂದಕ್ಕೆ ತೆಗೆಯುವುದಾಯಿತು. ಏರಿನ ಮಧ್ಯ ಕಾರು ನಿಂತಿತು. ಪೊಟ್ಟಣ ಇಟ್ಟರು. ಸಾಹೇಬರು ಪಕ್ಕದ ಸೀಟಿನಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಕೂತಿದ್ದರು.

ಕಾರು ಸಣ್ಣಗೆ ಗೊರಗುಟ್ಟಿತು. ಗೋಡೆಯ ಮೇಲಿನವರೆಲ್ಲ ಹೊಳ್ಳಿ ನೋಡಿದರು. ಸಪ್ಪಳ ತಗ್ಗಿತು. ಅವಳ ಕಾಲು ಹಿಂದೆ ಬಂದಿದೆ ಎಂದು ನನಗೆ ಗೊತ್ತಾಯಿತು. ಅಲ್ಲಿ ಕೂತವರಿಗೂ, ಬೇವಿನ ಮರಕ್ಕೂ, ಆ ಆಫೀಸಿನ ಕಿಟಕಿಗಳಿಗೂ ಅವಳು ಕೇಳಿಸುತ್ತಿದ್ದಳು.

ಶಾಂತಕ್ಕ ಕಿಟಕಿಯಿಂದ ಆಚೆ, ಗೋಡೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು, ಯಾರ್ಡಿನಲ್ಲಿ ಬುಟ್ಟಿ ಎತ್ತುವ ಮುಂಚೆ ಮಾಡುವ ಹಾಗೆ. ಬಲಗಾಲನ್ನು ಒತ್ತಿದಳು.

ಗುಬ್ಬಿಗಳೆಲ್ಲ ಎದ್ದುಹೋದವು. ಸಾಹೇಬರು ಹಲಗೆ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡರು. ಆಫೀಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಕೂಗು ಏರಿತು, ಇನ್ನೂ ಏರಿತು, ಮತ್ತು ಅಷ್ಟು ಗದ್ದಲದ ನಡುವೆ ಕಾರು ತುಂಬಿದ ಕೊಡ ಹೊತ್ತವಳ ಹಾಗೆ, ತುಳುಕದೆ, ಏರು ಹತ್ತಿಹೋಯಿತು.

ಪೊಟ್ಟಣವನ್ನು ಪ್ಯೂನು ಎತ್ತಿ ತೋರಿಸಿದ. ಒಂದು ಮೂಲೆಯೂ ಮುರಿದಿರಲಿಲ್ಲ.

ಸಾಹೇಬರು ಇಳಿದು, ಕಿವಿಯೊಳಗೆ ಬೆರಳು ಆಡಿಸುತ್ತ, "ಏನಮ್ಮಾ, ಈ ಗಾಡಿ ಓಡಿಸಿದ ಮೇಲೆ ನಿನಗೆ ಯಾವ ಗಾಡಿ ಭಯ?" ಎಂದು ಹಲಗೆಯ ಮೇಲೇ ಸಹಿ ಮಾಡಿದರು. ಗೋಡೆಯ ಮೇಲಿನ ಒಬ್ಬ ಸಿಳ್ಳೆ ಹಾಕಿದ. ಈ ಸಲ ಅದು ಬೇರೆ ಥರದ ಸಿಳ್ಳೆ.

ಕಾಗದ ಕೌಂಟರಿನಿಂದ ಕೌಂಟರಿಗೆ ಹೋಗುತ್ತ ಮರುದಿನ ಸಂಜೆಯಾಯಿತು. ದೀಪಾವಳಿಯ ಮುನ್ನಾದಿನ, ಆಫೀಸು ಮುಚ್ಚುವ ಹೊತ್ತು. ಗುಮಾಸ್ತರು ಕಿಂಡಿಯಿಂದ ಲೈಸೆನ್ಸನ್ನು ನನ್ನ ಕಡೆ ಚಾಚಿದರು. ನಾನು ಅದನ್ನು ಶಾಂತಕ್ಕನ ಕೈಯಲ್ಲಿಟ್ಟೆ. ಅವಳು ಬೆಳಕಿಗೆ ಹಿಡಿದು, ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಯಾರಿಗೂ ಅಂಜದೆ, ಕಿಂಡಿಯ ಸಾಲಿನಲ್ಲಿದ್ದವರೆಲ್ಲ ಹೊಳ್ಳಿ ನೋಡುವಷ್ಟು ಗಟ್ಟಿಯಾಗಿ ತನ್ನ ಹೆಸರನ್ನು ಓದಿದಳು.